ಪರಸ್ತಾನಕ್ಕಿಟ್ಟ ಗಂಟು

ನಮ್ಮ ಮನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಅಂತ ಒಂದು ಸಮುದ್ರದ ಚಿಪ್ಪು ಇಟ್ಟಿದ್ದೇನೆ. ಎರಡು ಕೈಯಲ್ಲಿ ಹಿಡಿಯಬೇಕು, ಅಷ್ಟು ದಪ್ಪದ್ದು. ಹೊರಗೆ ಮುಳ್ಳುಮುಳ್ಳು, ಒಳಗೆ ಕರುವಿನ ಬಾಯಿಯ ಹಾಗೆ ಗುಲಾಬಿ. ಮದುವೆಯಾಗಿ ನಗರಗೆರೆಗೆ ಬರುವಾಗ ತವರಿನಿಂದ ತಂದ ಸಾಮಾನಿನಲ್ಲಿ ಇನ್ನೂ ಒಡೆಯದೆ ಉಳಿದಿರುವುದು ಇದೊಂದೇ. ಹಿತ್ತಾಳೆ ಬಿಂದಿಗೆ ಸಹ ತೂತು ಬಿತ್ತು. ಮನೆಯವರು ಯಾರೂ ಅದನ್ನು ನೋಡುವುದಿಲ್ಲ. ಉಪ್ಪಿನಕಾಯಿ ಬೇಕಾದಾಗ ತೆಗೆಯುತ್ತಾರೆ, ಪಕ್ಕಕ್ಕೆ ಇಡುತ್ತಾರೆ, ವಾಪಸ್ ಇಡುವುದು ಮರೆಯುತ್ತಾರೆ, ನನ್ನ ಕೈಲಿ ಬೈಸಿಕೊಳ್ಳುತ್ತಾರೆ.

ಹೋದ ವರ್ಷ ನನ್ನ ಮಗಳ ಮಗಳು ಚೈತ್ರ ಚಿಕ್ಕಬಳ್ಳಾಪುರದಿಂದ ಬಂದಿದ್ದಳು. ಅವಳು ಇತಿಹಾಸದಲ್ಲಿ ಏನೋ ದೊಡ್ಡ ಓದು ಓದುತ್ತಿದ್ದಾಳೆ. ಮುಗಿದರೆ ಡಾಕ್ಟರಂತೆ. ನನ್ನ ಮೊಣಕಾಲು ನೋವಿಗೆ ಏನಾದರೂ ಕೊಡುತ್ತೀಯಾ ಅಂದರೆ ಅಂಥ ಡಾಕ್ಟರಲ್ಲವಂತೆ. ಮತ್ತೆ ಯಾಕೆ ಓದುತ್ತೀಯೆ ಅಂತ ನಾನು ಕೇಳಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ರೇಷ್ಮೆಹುಳುವಿಗೆ ಸೊಪ್ಪು ತರುವ ದಿನ ರಜೆ.

ಅವಳು ಬರೆಯುತ್ತಿರುವ ಪುಸ್ತಕ ಯಾವುದರ ಮೇಲೆ ಅಂತ ಊಟಕ್ಕೆ ಕೂತಾಗ ಹೇಳಿದಳು. ಕಾಕಿನಾಡದ ಕಡೆಯ ಸಮುದ್ರದ ದಂಡೆಯ ಊರುಗಳಂತೆ. ಬಿಳಿಯರ ಕಾಲದಿಂದ ಹಿಡಿದು ಜಪಾನಿನವರ ಯುದ್ಧದವರೆಗೆ ಅಲ್ಲಿ ಏನೇನಾಯಿತು ಅಂತ ಬರೆಯುವುದಂತೆ. ನಮ್ಮ ಜಿಲ್ಲೆಯಲ್ಲಿ ಹೊಳೆಯೇ ನೆಟ್ಟಗೆ ಹರಿಯುವುದಿಲ್ಲ, ಇವಳಿಗೆ ಸಮುದ್ರ ಬೇಕಾಯಿತು ಅಂದುಕೊಂಡೆ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಕಾಕಿನಾಡವಾ? ಅಲ್ಲಿ ಹಡಗು ದಡಕ್ಕೆ ಬರಂಗಿಲ್ಲ ಕಣೇ. ಆಳ ಸಾಲ್ದು. ದೂರದಲ್ಲಿ ನಿಲ್ತವೆ, ದೋಣೀಲಿ ಸಾಮಾನು ಹೊರ್ತಾರೆ," ಅಂದೆ.

ಅವಳ ಮುದ್ದೆಯ ತುತ್ತು ಸಾರಿನಲ್ಲೇ ನಿಂತಿತು. "ಅಜ್ಜೀ, ನಿಂಗೆ ಹೆಂಗ್ ಗೊತ್ತು?"

"ನಮ್ಮ ತವರಿನ ಅಂಗಳದಲ್ಲಿ ಹೇಳ್ಕೊಟ್ರು."

ಕೈ ತೊಳೆದವಳೇ ಫೋನು ತಂದು ನನ್ನ ಮೂಗಿನ ಹತ್ತಿರ ಇಟ್ಟಳು. ಅವಳ ಕಷ್ಟ ಏನು ಅಂದರೆ, ಕಾಗದ ಪತ್ರ ಬೇಕಾದಷ್ಟು ಸಿಕ್ಕಿವೆಯಂತೆ, ಎಲ್ಲ ಬಿಳಿಯರು ಬರೆದವು. ಅಲ್ಲಿ ಇದ್ದು ಕಣ್ಣಾರೆ ನೋಡಿದ ಹೆಂಗಸು ಒಬ್ಬಳೂ ಸಿಕ್ಕಿಲ್ಲವಂತೆ. ಅಂಥವಳು ಒಬ್ಬಳು ಇದ್ದರೆ ಒಂದು ಅಧ್ಯಾಯವೇ ಆಗುತ್ತದೆ, ಇಲ್ಲದಿದ್ದರೆ ಆ ಅಧ್ಯಾಯ ಕಿತ್ತು ಬಿಸಾಡು ಅಂತ ಅವಳ ಮೇಷ್ಟ್ರು ಹೇಳಿದ್ದಾರಂತೆ. ನಮ್ಮ ತವರುಮನೆಯಲ್ಲಿ ಅಂಥವಳು ಇಪ್ಪತ್ತು ವರ್ಷ ಇದ್ದಳು ಅಂದಾಗ ಚೈತ್ರ ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. ಹಲ್ಲಿನ ಸೆಟ್ಟು ಸಡಿಲವಾಯಿತು.

ಆಗಲೇ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವಳ ಅಧ್ಯಾಯ ಹೋಗುತ್ತದೆ ಅಂತ ನನಗೆ ತಿಳಿಯಿತು. ನುಂಗಿಕೊಂಡೆ. ಅದೇ ಮಾತು ಚಿಕ್ಕವಳಿದ್ದಾಗ ಒಂದು ಸಲ ನನ್ನ ಬಾಯಿಂದ ಬಿದ್ದು ಮನೆಯೊಳಗೆ ಏನಾಯಿತು ಅಂತ ನಾನು ನೋಡಿದ್ದೇನೆ.

ನಮ್ಮ ತವರು ಜಂಗಮಕೋಟೆಯ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ, ನಾಲ್ಕು ಹಸು, ವರ್ಷಕ್ಕೆ ಐದಾರು ಬೆಳೆ ರೇಷ್ಮೆಹುಳು. ನಮ್ಮ ತಾತ ಯುದ್ಧಕ್ಕೆ ಮುಂಚೆ ತಿರುಪತಿಗೆ ಮುಡಿ ಕೊಡಲು ಹೋಗಿದ್ದರಂತೆ. ಅಲ್ಲಿ ಕ್ಷೌರದವನು ಗಿರಾಕಿ ಕೈತಪ್ಪಬಾರದು ಅಂತ ಒಬ್ಬೊಬ್ಬರ ಅರ್ಧ ತಲೆ ಬೋಳಿಸಿ ಕೂರಿಸಿ ಮುಂದಿನವನ ತಲೆಗೆ ಹೋಗುತ್ತಿದ್ದನಂತೆ. ತಾತನ ಪಕ್ಕ ಕಾಕಿನಾಡದ ಒಬ್ಬರು ಹಾಗೆಯೇ ಕೂತಿದ್ದರು. ಹಡಗಿನ ಸಾಮಾನಿನ ಉಗ್ರಾಣದಲ್ಲಿ ಗುಮಾಸ್ತರು. ಅರ್ಧ ತಲೆಯ ಇಬ್ಬರು ಗಂಡಸರು ಪಕ್ಕಪಕ್ಕ ಕೂತರೆ ಬೇರೆ ಯಾರ ಮುಖವನ್ನೂ ನೋಡಲು ಆಗುವುದಿಲ್ಲ, ಒಬ್ಬರಿಗೊಬ್ಬರು ಮಾತಾಡಲೇಬೇಕು. ನಮ್ಮ ಕಡೆ ಎಲ್ಲರಿಗೂ ತೆಲುಗು ಬರುತ್ತದೆ. ಮಿಕ್ಕ ಅರ್ಧ ಬೋಳಿಸುವ ಹೊತ್ತಿಗೆ ಗಾಢ ಸ್ನೇಹ. ಎದ್ದು ಬರುವಾಗ ತಾತ ಅಂದರಂತೆ, ನಮ್ಮ ಕಡೆ ಬಂದರೆ ನಮ್ಮನೆಗೇ ಬರಬೇಕು, ಬೇರೆ ಕಡೆ ಇಳಿಯಕೂಡದು.

ಇದನ್ನು ನಮ್ಮ ಜನ ಎಲ್ಲರಿಗೂ ಹೇಳುತ್ತಾರೆ. ಬಸ್ಸಿನ ಕಂಡಕ್ಟರಿಗೂ ಹೇಳುತ್ತಾರೆ. ಯಾರೂ ಬರುವುದಿಲ್ಲ. ಅದು ಎರಡು ಕಡೆಯವರಿಗೂ ಗೊತ್ತು. ಆದರೆ ಕಾಕಿನಾಡದವರಿಗೆ ಗೊತ್ತಿರಲಿಲ್ಲ. ಅವರು ಪ್ರಸಾದದ ಕಾಗದದ ಹಿಂದೆ ವಿಳಾಸ ಬರೆದುಕೊಂಡರು.

ಆಮೇಲೆ ಯುದ್ಧ ಬಂತು. ಜಪಾನಿನವರು ವಿಶಾಖಪಟ್ಟಣದ ಮೇಲೆ, ಕಾಕಿನಾಡದ ಮೇಲೆ ಬಾಂಬು ಹಾಕಿದರು. ಸಮುದ್ರದ ದಂಡೆಯ ಜನ ಗಾಡಿ ಕಟ್ಟಿಕೊಂಡು ಒಳನಾಡಿಗೆ ಓಡಿದರು. ಒಂದು ಮಧ್ಯಾಹ್ನ ನಮ್ಮ ತಾತ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಾಗ ಸೊಂಟದ ಮೇಲೆ ಗಂಟು ಇಟ್ಟುಕೊಂಡ ಒಬ್ಬ ಹೆಂಗಸು ಶಿಡ್ಲಘಟ್ಟದ ಸ್ಟೇಷನ್ನಿನಿಂದ ನಡೆದುಕೊಂಡು ಬಂದು ಆ ಕಾಗದ ಮುಂದೆ ಹಿಡಿದಳು. ಗುಮಾಸ್ತರು ತೀರಿಹೋಗಿ ವರ್ಷವಾಗಿತ್ತು. ಮಕ್ಕಳಿಲ್ಲ. ಮೈದುನನ ಮನೆಯವರು ಗಾಡಿ ಹತ್ತುವಾಗ ಗಾಡಿಯಲ್ಲಿ ಇವಳಿಗೆ ಜಾಗ ಸಾಲಲಿಲ್ಲ. ಎಂಟು ದಿನ ಇದ್ದು ಹೋಗುತ್ತೇನೆ ಅಂದಳು.

ನಮ್ಮಜ್ಜಿ ತಾತನನ್ನು ಅಡುಗೆಮನೆಗೆ ಕರೆದು ಯಾರು ಇವಳು ಅಂತ ಕೇಳಿದರಂತೆ. ತಾತ ಯೋಚನೆ ಮಾಡಿ, ನನ್ನ ಜೊತೆ ಮುಡಿ ಕೊಟ್ಟೋರ ಹೆಂಡತಿ ಅಂದರಂತೆ. ಆ ನಂಟಿಗೆ ನಮ್ಮಲ್ಲಿ ಹೆಸರಿಲ್ಲ. ಅವಳ ಹೆಸರು ಅಚ್ಚಾಯಮ್ಮ, ಊರಿನವರು ಕಾಕಿನಾಡಮ್ಮ ಅಂದರು. ಅವಳು ನಮ್ಮಜ್ಜಿಯನ್ನು ವದಿನಾ ಅಂತ ಕರೆದಳು, ಅಂದರೆ ಅತ್ತಿಗೆ. ಹಾಗೆ ಕರೆದ ಮೇಲೆ ಹೊರಗೆ ಹಾಕುವುದು ಹೇಗೆ?

ಇದೆಲ್ಲ ನಾನು ಹುಟ್ಟುವ ಮುಂಚಿನ ಮಾತು. ನಾನು ಹುಟ್ಟುವ ಹೊತ್ತಿಗೆ ಆ ಎಂಟು ದಿನ ಏಳು ವರ್ಷವಾಗಿತ್ತು.

ಬಂದ ದಿನ ಅವಳಿಗೆ ಹುಳುಮನೆ ಬಿಟ್ಟುಕೊಟ್ಟಿದ್ದರು. ಅಗುಳಿ ಇದ್ದ ಕೋಣೆ ಅದೊಂದೇ, ಒಂಟಿ ಹೆಂಗಸು ಎಂಟು ದಿನ ಇರಲಿ ಅಂತ. ಹುಳುವಿನ ತಟ್ಟೆಗಳು ನಡುಮನೆಗೆ ಬಂದವು. ನಡುಮನೆಯಲ್ಲಿ ಮಲಗುತ್ತಿದ್ದವರು ಜಗಲಿಗೆ ಬಂದರು. ಜಗಲಿಯ ಮೇಲೆ ಮಲಗುತ್ತಿದ್ದ ನಾಯಿ ಬೀದಿಗೆ ಹೋಯಿತು. ನಾನು ಹುಟ್ಟಿದ್ದು ಹುಳುವಿನ ತಟ್ಟೆಗಳ ಸಂದಿಯಲ್ಲಿ. ಹುಳು ಆಗ ಎರಡನೇ ಜ್ವರದಲ್ಲಿತ್ತಂತೆ, ನಮ್ಮಮ್ಮನಿಗೆ ಕೂಗಬೇಡ, ಹುಳು ಬೆದರುತ್ತವೆ ಅಂತ ಅಜ್ಜಿ ಹೇಳಿದ್ದರಂತೆ.

ಹುಳುವಿನ ಜ್ವರ ಅಂದರೆ ಕಾಯಿಲೆಯಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ ತಲೆಯೆತ್ತಿಕೊಂಡು ಅಲ್ಲಾಡದೆ ಮಲಗುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದಕ್ಕೆ ಜ್ವರ ಅನ್ನುತ್ತೇವೆ. ಮನೆಯ ಹೆಂಗಸರಿಗೆ ಕೈ ಬಿಡುವಾಗುವುದು ಅವತ್ತೊಂದೇ ದಿನ. ಬೇರೆ ದಿನ ಸೊಪ್ಪು ಕೊಯ್ಯುವುದು, ಕತ್ತರಿಸುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಕೊಯ್ಯುವುದು.

ಕಾಕಿನಾಡಮ್ಮನನ್ನು ಯಾವಾಗ ಹೋಗುತ್ತೀರಿ ಅಂತ ಯಾರೂ ಕೇಳಲಿಲ್ಲ. ಬಂದವರನ್ನು ಹಾಗೆ ಕೇಳಿದರೆ ಮನೆತನ ಉಳಿಯುತ್ತದೆಯೇ? ನಮ್ಮಜ್ಜಿ ಬೇರೆ ದಾರಿ ಹಿಡಿದರು. ತಿಂಗಳಿಗೊಂದು ಸಲ ಬೆಳಗ್ಗೆ ಎದ್ದು ದಾರಿಗೆ ಕಟ್ಟುವ ಬುತ್ತಿ ಮಾಡುತ್ತಿದ್ದರು. ಹುಳಿಯನ್ನ, ಒಣರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಎರಡು ದಿನ ಕೆಡದ ತಿಂಡಿ. ಮುತ್ತುಗದ ಎಲೆಯಲ್ಲಿ ಕಟ್ಟಿ ಅವಳ ಕಣ್ಣೆದುರಿಗೆ ಇಡುತ್ತಿದ್ದರು. ಅವಳು ಬಿಚ್ಚಿ ತಿಂದು, ವದಿನಾ, ಚಟ್ನಿಪುಡಿಗೆ ಇನ್ನೆರಡು ಮೆಣಸಿನಕಾಯಿ ಹಾಕಬಹುದಿತ್ತು ಅನ್ನುತ್ತಿದ್ದಳು.

ಯುದ್ಧ ಮುಗಿಯಿತು ಅಂತ ಸುದ್ದಿ ಬಂದ ದಿನ ಅಜ್ಜಿ ತಾವೇ ಜೋಯಿಸರ ಮನೆಗೆ ಹೋಗಿ ಅವಳ ಪ್ರಯಾಣಕ್ಕೆ ಮುಹೂರ್ತ ಕೇಳಿಕೊಂಡು ಬಂದರು. ಬುಧವಾರ ಬೆಳಗ್ಗೆ. ಆದರೆ ಬಂಗಾರಪೇಟೆಗೆ ಹೋಗುವ ಚಿಕ್ಕ ರೈಲು ಅವತ್ತು ಇರಲಿಲ್ಲ. ಅಂಥ ಹೊತ್ತಿಗೆ ನಮ್ಮಲ್ಲಿ ಒಂದು ಉಪಾಯವಿದೆ, ಈಗಿನವರಿಗೆ ಗೊತ್ತಿಲ್ಲ. ಒಳ್ಳೆ ಗಳಿಗೆಯಲ್ಲಿ ಹೊರಡಲು ಆಗದಿದ್ದರೆ ಹೋಗುವವರ ಗಂಟನ್ನು ಆ ಗಳಿಗೆಗೆ ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಾರೆ. ಅದಕ್ಕೆ ಪರಸ್ತಾನ ಅನ್ನುವುದು. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆಯೇ ಲೆಕ್ಕ. ಆಮೇಲೆ ಎರಡು ಮೂರು ದಿನದಲ್ಲಿ ಅನುಕೂಲ ನೋಡಿಕೊಂಡು ಗಂಟು ತೆಗೆದುಕೊಂಡು ಅಲ್ಲಿಂದಲೇ ಹೋದರಾಯಿತು. ಒಂದೇ ಕಟ್ಟುಪಾಡು, ಗಂಟನ್ನು ಹಿಂದಕ್ಕೆ ಮನೆಗೆ ತರಕೂಡದು.

ಹಾಗೆ ಕಾಕಿನಾಡಮ್ಮನ ಗಂಟು ಪಕ್ಕದ ಮನೆ ಮುನಿವೆಂಕಟಮ್ಮನ ಅಟ್ಟ ಸೇರಿತು. ಮಾರನೆಯ ದಿನ ಮಳೆ. ಆಮೇಲೆ ಕಾಕಿನಾಡಮ್ಮನಿಗೆ ಕಾಲು ಉಳುಕು. ಆಮೇಲೆ ಗೌರಿಹಬ್ಬ. ಆಮೇಲೆ ಹುಳುವಿನ ಬೆಳೆ. ಅವಳು ಇಲ್ಲೇ, ಗಂಟು ಅಲ್ಲೇ. ತನ್ನ ಸೀರೆಗಳೆಲ್ಲ ಪರಸ್ತಾನದಲ್ಲಿ ಇದ್ದುದರಿಂದ ಅವಳು ನಮ್ಮಜ್ಜಿಯ ಸೀರೆ ಉಟ್ಟಳು. ಯಾರಾದರೂ ಊರಿಗೆ ಯಾವಾಗಮ್ಮ ಅಂದರೆ, ನಾನು ಹೊರಟಾಯಿತಲ್ಲ, ಅಟ್ಟ ನೋಡಿ ಅನ್ನುತ್ತಿದ್ದಳು. ಹದಿನಾರು ಹದಿನೇಳು ವರ್ಷ ಅವಳು ಹೊರಟೇ ಇದ್ದಳು.

ಅವಳು ದಿನಕ್ಕೆ ಎರಡು ಸಲ ಗಂಟು ನೋಡಿ ಬರುತ್ತೇನೆ ಅಂತ ಮುನಿವೆಂಕಟಮ್ಮನ ಮನೆಗೆ ಹೋಗುತ್ತಿದ್ದಳು. ಅದರ ಗುಟ್ಟು ಬೇರೆ. ಅವಳಿಗೆ ಹೊಗೆಸೊಪ್ಪಿನ ಚುಟ್ಟ ಸೇದುವ ಅಭ್ಯಾಸ. ಅದೂ ಅವರ ಕಡೆಯ ಹಾಗೆ, ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು. ಹೊರಗೆ ನೋಡಿದರೆ ಏನೂ ಕಾಣಿಸುವುದಿಲ್ಲ, ಮೂಗಿನಿಂದ ಹೊಗೆ ಬರುತ್ತದೆ. ನಾನು ಮೊದಲ ಸಲ ನೋಡಿದಾಗ ಹೆಂಗಸಿನ ಹೊಟ್ಟೆಗೆ ಬೆಂಕಿ ಬಿದ್ದಿದೆ ಅಂತ ಒಂದು ಚೊಂಬು ನೀರು ಎರಚಿದ್ದೆ. ಹೊಗೆಸೊಪ್ಪಿನ ಗಾಳಿ ಸೋಕಿದರೆ ರೇಷ್ಮೆಹುಳು ಸಾಯುತ್ತದೆ. ಅದಕ್ಕೆ ಅಜ್ಜಿ ಅವಳಿಗೆ ನಮ್ಮ ಹೊಸಿಲಿನ ಒಳಗೆ ಚುಟ್ಟ ಕೂಡದು ಅಂದಿದ್ದರು, ಸೇದಿ ಬಂದರೆ ಬಾಯಿ ಮುಕ್ಕಳಿಸಿ ಕೈಕಾಲು ತೊಳೆದು ಸೀರೆ ಬದಲಾಯಿಸಿ ಬರಬೇಕು. ಬದಲಾಯಿಸುವ ಸೀರೆಯೂ ಅಜ್ಜಿಯದೇ.

ಇಷ್ಟೆಲ್ಲ ಆದರೂ ಊರಿಗೆ ಅವಳು ಬೇಕಾಗಿದ್ದಳು. ಹುಳುವಿಗೆ ಜ್ವರ ಬಂದ ದಿನ ಮಧ್ಯಾಹ್ನ ಕೇರಿಯ ಹೆಂಗಸರೆಲ್ಲ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಕಾಕಿನಾಡಮ್ಮ ಒರಳಿಗೆ ಒರಗಿ ಕೂತು ತಮ್ಮ ಕಡೆಯ ಕಥೆ ಹೇಳುತ್ತಿದ್ದಳು. ಒಂದು ಬೆಳೆಗೆ ನಾಲ್ಕು ಜ್ವರ, ನಮಗೆ ನಾಲ್ಕು ಪಾಠ. ಮೊದಲು ಒಲಾಂದರು, ಅಂದರೆ ಡಚ್ಚರು ಬಂದರು, ಆಮೇಲೆ ಇಂಗ್ಲಿಷರು ಬಂದರು, ಇಬ್ಬರೂ ಬಂದದ್ದು ನಮ್ಮ ಬಟ್ಟೆಗೆ. ಅವರಿಗೆ ನೇಯಲು ಬರುವುದಿಲ್ಲ, ಚಳಿ ಮಾತ್ರ ಬಹಳ. ಹಡಗು ದೂರದಲ್ಲಿ ನಿಲ್ಲುತ್ತದೆ, ದೋಣಿಗಳು ಇರುವೆಯ ಸಾಲಿನ ಹಾಗೆ ಹೋಗಿ ಬರುತ್ತವೆ. ಅಕ್ಕಿ ರಂಗೂನಿಗೆ ಹೋಗುತ್ತದೆ, ಕೂಲಿಗೆ ಅಂತ ಜನವೂ ಹೋಗುತ್ತಾರೆ, ತೇಗ ಬರುತ್ತದೆ, ಜನ ಎಲ್ಲರೂ ಬರುವುದಿಲ್ಲ. ಒಬ್ಬ ದೊರೆ ಮಾವಿನ ಹಣ್ಣನ್ನು ಮುಳ್ಳು ಚಮಚದಲ್ಲಿ ತಿನ್ನಲು ಹೋಗಿ ವಾಟೆ ಹಾರಿ ದೊರೆಸಾನಿಯ ಟೋಪಿಗೆ ಬಿತ್ತು. ಯುದ್ಧ ಬಂದಾಗ ದೀಪ ಹಚ್ಚಬಾರದು ಅಂತ ಡಂಗುರ ಸಾರಿದರು. ಬಾಂಬು ಬಿದ್ದ ದಿನ ಎದುರು ಮನೆಯವಳು ಓಡುವ ಆತುರದಲ್ಲಿ ತೊಟ್ಟಿಲಿನಿಂದ ಮಗು ಎತ್ತಿಕೊಂಡೆ ಅಂತ ತಿಳಿದು ರುಬ್ಬುಗುಂಡು ಎತ್ತಿಕೊಂಡು ಮೂರು ಮೈಲಿ ಓಡಿದಳು. ಮಗು ಇವತ್ತು ಭಾರ ಅಂದುಕೊಂಡಳಂತೆ.

ನಮ್ಮ ಊರಿನಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ. ಆದರೆ ಕಾಕಿನಾಡದ ವಿಷಯ ಕೇಳಿದರೆ ಎಮ್ಮೆ ಕಾಯುವವರೂ ಹೇಳುತ್ತಿದ್ದರು. ತಾತ ಯುದ್ಧದ ಕಾಲದಲ್ಲಿ ಅವಳ ಮಾತು ಕೇಳಿ ಹೆದರಿ ಹಿತ್ತಲಲ್ಲಿ ಆಳುದ್ದ ಕಂದಕ ತೋಡಿಸಿದ್ದರು, ಜಪಾನಿನವರು ಕಾಕಿನಾಡ ಮುಗಿಸಿಕೊಂಡು ಜಂಗಮಕೋಟೆಗೆ ಬರುತ್ತಾರೆ ಅಂತ. ಅದು ಆಮೇಲೆ ತಿಪ್ಪೆಗುಂಡಿಯಾಯಿತು. ಆದರೆ ರೇಷ್ಮೆಯಿಂದ ವಿಮಾನದಿಂದ ಧುಮುಕುವವರ ಗಾಳಿಕೊಡೆ ಮಾಡುತ್ತಾರೆ ಅಂತ ಯಾರೋ ಹೇಳಿದ್ದೇ ತಡ, ತಾತ ಎದೆ ಸೆಟೆಸಿಕೊಂಡರು. ಸಾಯುವವರೆಗೂ ಅವರ ಪ್ರಕಾರ ಯುದ್ಧ ಗೆದ್ದದ್ದು ನಮ್ಮ ಹುಳು. ಕಾಕಿನಾಡಮ್ಮನ ಊರು ಉಳಿಸಿದ್ದು ನಾವು ಅಂತ ಅವಳ ಮುಖಕ್ಕೇ ಹೇಳುತ್ತಿದ್ದರು. ಅವಳು, ಹಾಗಾದರೆ ನಿಮ್ಮ ಹುಳು ಸ್ವಲ್ಪ ಬೇಗ ಗೂಡು ಕಟ್ಟಬಹುದಿತ್ತು ಅನ್ನುತ್ತಿದ್ದಳು.

ನನಗೆ ಎಂಟೋ ಒಂಬತ್ತೋ ವರ್ಷ. ಮುನಿವೆಂಕಟಮ್ಮನ ಮನೆಯಲ್ಲಿ ಯಾರೂ ಇಲ್ಲದಾಗ ಅಟ್ಟ ಹತ್ತಿ ಆ ಗಂಟು ಬಿಚ್ಚಿದೆ. ಪರಸ್ತಾನದ ಗಂಟು ಬಿಚ್ಚಿದರೆ ಹೋಗುವವರಿಗೆ ಕೇಡು ಅಂತ ಗೊತ್ತಿತ್ತು. ಆದರೆ ಹೋಗುವವರು ಹೋಗುತ್ತಿಲ್ಲವಲ್ಲ. ಒಳಗೆ ಎರಡು ಸೀರೆ, ಇಲಿ ತಿಂದ ಒಂದು ಪಂಚೆ, ಒಂದು ಕಂಚಿನ ಲೋಟ, ಈ ಚಿಪ್ಪು. ಕಿವಿಗೆ ಹಿಡಿದೆ. ಸುಂಯ್ ಅಂತ ಸದ್ದು. ಅಷ್ಟರಲ್ಲಿ ಕೆಳಗೆ ಚುಟ್ಟದ ವಾಸನೆ ಬಂತು. ಕಾಕಿನಾಡಮ್ಮ ಏಣಿಯ ಬುಡದಲ್ಲಿ ನಿಂತು ಮೂಗಿನಿಂದ ಹೊಗೆ ಬಿಡುತ್ತ ನನ್ನನ್ನೇ ನೋಡುತ್ತಿದ್ದಳು.

ಹೊಡೆಯುತ್ತಾಳೆ ಅಂದುಕೊಂಡು ಮಾತು ಬದಲಾಯಿಸಲು ಸಮುದ್ರ ಇದೇ ಥರ ಸದ್ದು ಮಾಡುತ್ತದಾ ಅಂತ ಕೇಳಿದೆ.

ಅವಳು ಚುಟ್ಟ ಬಾಯಿಂದ ತೆಗೆದಳು. "ಏಮೋನೇ ಪಿಲ್ಲಾ, ನಂಗೇನ್ ಗೊತ್ತು. ನಾನೂ ಅದರಲ್ಲೇ ಕೇಳಿದ್ದು. ಅದು ತಿರುಪತೀಲಿ ಕೊಂಡಿದ್ದು."

ಅವರ ಮನೆಯಿಂದ ಸಮುದ್ರ ಮೂರು ಮೈಲಿ. ಅವರ ಮನೆತನದಲ್ಲಿ ಹೆಂಗಸರು ಹೊಸಿಲು ದಾಟಿ ದಂಡೆಗೆ ಹೋಗುವ ಹಾಗಿರಲಿಲ್ಲ. ಹೋಗುವುದು ಬೆಸ್ತರು, ಕೂಲಿಯವರು, ಗಂಡಸರು. ಗಂಡನನ್ನು ಒಂದು ಸಲ ಕೇಳಿದ್ದಳಂತೆ, ನೋಡಲು ಏನಿದೆ, ಬರೀ ನೀರು ಅಂದನಂತೆ. ಬಾಂಬು ಬಿದ್ದ ದಿನವೂ ಅವಳು ಓಡಿದ್ದು ಸಮುದ್ರಕ್ಕೆ ಬೆನ್ನು ಹಾಕಿ. ಇಷ್ಟು ಹೇಳಿ, ನೀನು ಗಂಟು ಬಿಚ್ಚಿದ್ದು ನಾನು ಹೇಳುವುದಿಲ್ಲ, ನಾನು ನೋಡಿಲ್ಲ ಅನ್ನುವುದು ನೀನು ಹೇಳಬೇಡ ಅಂದಳು. ಒಪ್ಪಿಕೊಂಡೆ. ಚಿಪ್ಪು ಒಳಗಿಟ್ಟು ಗಂಟು ಕಟ್ಟಿದೆ.

ಎರಡು ತಿಂಗಳು ಬಾಯಿ ಕಟ್ಟಿಕೊಂಡಿದ್ದೆ. ನನ್ನ ಮಟ್ಟಿಗೆ ಅದು ದೊಡ್ಡದು. ಒಂದು ದಿನ, ಹುಳು ನಾಲ್ಕನೇ ಜ್ವರಕ್ಕೆ ಮಲಗಿತ್ತು, ಅಂಗಳದ ತುಂಬ ಹೆಂಗಸರು. ಕಾಕಿನಾಡಮ್ಮ ಬಿರುಗಾಳಿಯ ಪಾಠ ಹೇಳುತ್ತಿದ್ದಳು. ಅವರ ಮುತ್ತಜ್ಜಿಯ ಕಾಲದಲ್ಲಿ ಕೋರಂಗಿ ಅಂತ ಪಕ್ಕದ ರೇವಿನ ಊರಿಗೆ ಸಮುದ್ರವೇ ಎದ್ದು ನಡೆದು ಬಂದದ್ದು. ಅಲೆ ಎಷ್ಟು ಎತ್ತರ ಅಂತ ಮುನಿವೆಂಕಟಮ್ಮ ಕೇಳಿದಳು. ನಾನು ದೊಡ್ಡವಳ ಹಾಗೆ, ನಮ್ಮ ಬಣವೆಯಷ್ಟು ಅಂದೆ. ಕಾಕಿನಾಡಮ್ಮನಿಗೆ ಪಾಠದ ನಡುವೆ ಯಾರಾದರೂ ಬಾಯಿ ಹಾಕಿದರೆ ಆಗುತ್ತಿರಲಿಲ್ಲ. "ನೀನು ಕಂಡಿದೀಯೇನೇ ಸಮುದ್ರಾನ, ಬಣವೆ ಅಂತೆ ಬಣವೆ," ಅಂದಳು. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

"ನೀವೂ ನೋಡಿಲ್ವಲ್ಲ. ಚಿಪ್ಪಲ್ಲಿ ಕೇಳಿದ್ದು ಅಷ್ಟೇ. ಚಿಪ್ಪೂ ತಿರುಪತೀದು."

ನಡುಮನೆಯಲ್ಲಿ ಹುಳು ಮಲಗಿದ್ದವು, ಅಂಗಳದಲ್ಲಿ ಹೆಂಗಸರೂ ಹಾಗೆಯೇ ತಲೆಯೆತ್ತಿ ಅಲ್ಲಾಡದೆ ಕೂತರು. ಹೌದೇನಮ್ಮ ಅಂತ ಮುನಿವೆಂಕಟಮ್ಮ ಕೇಳಿದಳು. ಕಾಕಿನಾಡಮ್ಮ ಎದ್ದು ಸೀರೆ ಕೊಡವಿಕೊಂಡಳು.

"ವದಿನಾ, ಬಂಡಿ ಕಟ್ಟಿಸಿ. ಇವತ್ತು ಹೋಗ್ತೀನಿ."

ಆ ಮಾತಿಗೆ ನಮ್ಮ ಮನೆಯವರು ಅಷ್ಟು ವರ್ಷ ಕಾದಿದ್ದರು. ಆದರೂ ಯಾರ ಮುಖದಲ್ಲೂ ನಗು ಬರಲಿಲ್ಲ. ತಾತ ಎತ್ತು ಕಟ್ಟುತ್ತೇನೆ ಅಂತ ಕೊಟ್ಟಿಗೆಗೆ ಹೋದವರು ಹಗ್ಗ ಸಿಗುತ್ತಿಲ್ಲ ಅಂತ ಕೂಗಿದರು. ಹಗ್ಗ ಅವರ ಹೆಗಲ ಮೇಲೇ ಇತ್ತು. ಕಾಕಿನಾಡಮ್ಮ ಪಕ್ಕದ ಮನೆಗೆ ಹೋಗಿ ತಾನೇ ಅಟ್ಟ ಹತ್ತಿ ಗಂಟು ಇಳಿಸಿಕೊಂಡು ಬೀದಿಯಲ್ಲಿ ನಿಂತಳು. ಉಟ್ಟದ್ದು ಅಜ್ಜಿಯ ಸೀರೆ. ಅದನ್ನು ಬಿಚ್ಚಿಕೊಡಲು ಒಳಗೆ ಬರಬೇಕು, ಒಳಗೆ ಬಂದರೆ ಗಂಟು ಹಿಂದಕ್ಕೆ ಬಂದ ಹಾಗೆ. ಹೊಸಿಲಿನ ಆಚೆ ಅವಳು, ಈಚೆ ಅಜ್ಜಿ. ನಾನು ಒರಳಿ‌ನ ಹಿಂದೆ. ಎಲ್ಲಿಗೆ ಹೋಗುತ್ತಾಳೆ ಅಂತ ನನಗೆ ಆಗ ಮೊದಲ ಸಲ ಯೋಚನೆ ಬಂತು. ಗಾಡಿಯಲ್ಲಿ ಜಾಗ ಕೊಡದ ಮೈದುನನ ಮನೆ ಬಿಟ್ಟರೆ ಅವಳಿಗೆ ಅಲ್ಲಿ ಯಾರೂ ಇರಲಿಲ್ಲ.

ಅಜ್ಜಿ ಅಂದರು, "ಹುಳ ಜ್ವರದಲ್ಲಿ ಅವೆ. ಜ್ವರ ಬಿಡೋವರ್ಗೂ ಈ ಮನೆಯಿಂದ ಯಾರೂ ಹೋಗಂಗಿಲ್ಲ."

ಅಂಥ ಶಾಸ್ತ್ರ ಎಲ್ಲೂ ಇಲ್ಲ. ಹೊರಗಿನವರು ಒಳಗೆ ಬರಬಾರದು ಅಂತ ಇದೆ, ಒಳಗಿನವರು ಹೋಗಬಾರದು ಅಂತ ಇಲ್ಲ. ಮುನಿವೆಂಕಟಮ್ಮ ಹಾಗೆ ಹೇಳಲು ಬಾಯಿ ತೆರೆದಳು, ಅಜ್ಜಿ ಅವಳ ಕಡೆ ತಿರುಗಿ ನೋಡಿದರು, ಬಾಯಿ ಮುಚ್ಚಿತು.

"ನಾನು ಸುಳ್ಳುಗಾತಿ ವದಿನಾ," ಅಂದಳು ಕಾಕಿನಾಡಮ್ಮ.

"ನೋಡ್ದೇನೇ ಇಷ್ಟ್ ಹೇಳಿದೀಯ. ನೋಡಿದ್ರೆ ನಾವು ಹುಳೂಗೆ ಸೊಪ್ಪು ಹಾಕಿದಂಗೇ ಇತ್ತು. ಗಂಟು ಮುನಿವೆಂಕಟಿ ಕೈಗೆ ಕೊಟ್ಟು ಬಾ." ಅಜ್ಜಿ ತಾವು ಮೊದಲು ಕೂತರು. "ಆ ಊರಿಗೆ ಅಲೆ ಬಂತಲ್ಲ, ಆಮೇಲೆ ಏನಾಯ್ತು?"

ಗಂಟು ಮತ್ತೆ ಅಟ್ಟಕ್ಕೆ ಹೋಯಿತು. ಕಾಕಿನಾಡಮ್ಮ ಬಂದು ಒರಳಿಗೆ ಒರಗಿ ಆಮೇಲೆ ಏನಾಯಿತು ಅಂತ ಹೇಳಿದಳು. ನನಗೆ ಅಜ್ಜಿ ಅವತ್ತು ತೊಡೆ ಹಿಂಡಿದ ಗುರುತು ಮುಂದಿನ ಬೆಳೆಯ ಮೊದಲ ಜ್ವರದವರೆಗೂ ಇತ್ತು. ಅಂದಿನಿಂದ ಬುತ್ತಿ ಕಟ್ಟುವುದು ನಿಂತಿತು. ಚಟ್ನಿಪುಡಿಗೆ ಎರಡು ಮೆಣಸಿನಕಾಯಿ ಜಾಸ್ತಿಯಾಯಿತು.

ಅವಳು ಸತ್ತದ್ದು ನನಗೆ ಹದಿಮೂರು ವರ್ಷವಾದಾಗ. ಸಾಯುವ ಮುಂಚೆ ನನ್ನ ಬೂದಿ ಸಮುದ್ರಕ್ಕೆ ಬಿಡಿ, ಹಾಗಾದರೂ ನೋಡುತ್ತೇನೆ ಅಂದಿದ್ದಳು. ತಾತನಿಗೆ ಆಗ ಮಂಡಿ ಎತ್ತಲು ಆಗುತ್ತಿರಲಿಲ್ಲ, ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡುವ ಹೊತ್ತು. ಕಾಕಿನಾಡಕ್ಕೆ ಹೋಗುವವರು ಯಾರು? ಮೂರನೇ ದಿನ ಅಜ್ಜಿ ಬೂದಿಯ ಕುಡಿಕೆ ಹಿಡಿದು ನಮ್ಮೂರ ಕೆರೆಗೆ ಹೊರಟರು. ಅಟ್ಟದ ಗಂಟು ಹೊತ್ತುಕೊಂಡು ಮುನಿವೆಂಕಟಮ್ಮ ಹಿಂದೆ. ನನ್ನ ತಲೆಯ ಮೇಲೆ ಒಂದು ಮಂಕರಿ ಕಲ್ಲುಪ್ಪು.

ಕೆರೆಯ ಏರಿ ಇಳಿದು, ಮಂಡಿಯ ತನಕ ನೀರಿಗೆ ಹೋಗಿ, ಅಜ್ಜಿ ಮೊದಲು ಉಪ್ಪು ಸುರಿದರು. ಕೈಯಲ್ಲಿ ಚೆನ್ನಾಗಿ ಕಲಸಿದರು, ಮಜ್ಜಿಗೆಗೆ ಹಾಕಿದ ಹಾಗೆ. ಆಮೇಲೆ ಬೂದಿ ಬಿಟ್ಟರು.

ಮುನಿವೆಂಕಟಮ್ಮನಿಗೆ ತಡೆಯಲಾಗಲಿಲ್ಲ. "ಇದೇನ್ ಮಾಡ್ತಿದೀಯಮ್ಮ? ದನ ಕುಡಿಯೋ ನೀರು."

"ದನಕ್ಕೂ ಉಪ್ಪು ಬೇಕು."

"ಸಮುದ್ರ ಆಯ್ತದಾ ಇದು?"

"ಅವ್ಳು ನೋಡಿದ್ಳಾ? ಗೊತ್ತಾಗಲ್ಲ ಬಾ."

ಗಂಟಿನ ಸೀರೆಗಳನ್ನು ಮುನಿವೆಂಕಟಮ್ಮ ನೀರಿಗೆ ಬಿಟ್ಟಳು. ಚಿಪ್ಪನ್ನು ಅಜ್ಜಿ ನನ್ನ ಕೈಗೆ ಹಾಕಿ, ಬಾಯಿ ಬಿಡಬೇಕು ಅನ್ನಿಸಿದಾಗ ಇದನ್ನು ನೋಡಿಕೋ ಅಂದರು. ನಾನು ಅದನ್ನು ಉಪ್ಪಿನಕಾಯಿ ಜಾಡಿಯ ಬಾಯಿಗೆ ಇಟ್ಟೆ.

ಆ ಬುದ್ಧಿ ಎಷ್ಟು ದಿನ ನಿಂತಿತು ಅಂದರೆ, ಚೈತ್ರ ಫೋನು ಹಿಡಿದುಕೊಂಡು ಕೂತ ಮೂರನೇ ದಿನದವರೆಗೆ. ಅವಳು ತನ್ನ ಮೇಷ್ಟ್ರಿಗೆ ಫೋನಿನಲ್ಲಿ, ಕಣ್ಣಾರೆ ಕಂಡವಳು ಸಿಕ್ಕಿದಳು ಸಾರ್ ಅಂತ ಕುಣಿಯುತ್ತಿದ್ದಳು. ನಾನು ಜಾಡಿಯ ಕಡೆ ನೋಡಿದೆ, ಚಿಪ್ಪು ನೋಡಿದೆ. ಆದರೂ ಹೇಳಿಬಿಟ್ಟೆ. ಅಚ್ಚಾಗಿ ಬಂದ ಮೇಲೆ ಹೇಳುವುದಕ್ಕಿಂತ ಈಗಲೇ ಹೇಳಿದರೆ ಕಾಗದ ಉಳಿಯುತ್ತದೆ.

"ಅವ್ಳು ಸಮುದ್ರ ನೋಡೇ ಇಲ್ಲ ಕಣಮ್ಮ."

ಚೈತ್ರ ಫೋನು ಆರಿಸಿದಳು. ಏನಜ್ಜಿ ನೀನು ಅಂದಳು, ಅಷ್ಟೇ. ಬ್ಯಾಗು ತೆಗೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದಳು. ಇಷ್ಟು ವಯಸ್ಸಾದ ಮೇಲೆ ತೊಡೆ ಹಿಂಡಲು ಯಾರೂ ಇಲ್ಲವಲ್ಲ ಅಂತ ನಾನೇ ಒಂದು ಸಲ ಹಿಂಡಿಕೊಂಡೆ.

ಎಂಟು ದಿನ ಮಾತಿಲ್ಲ. ಒಂಬತ್ತನೇ ದಿನ ಫೋನು ಬಂತು. ಒಲಾಂದರು ಬಟ್ಟೆಗೆ ಬಂದದ್ದು, ಹಡಗು ದೂರ ನಿಲ್ಲುವುದು, ರಂಗೂನು, ಕೋರಂಗಿಯ ಅಲೆ, ಎಲ್ಲ ಅವಳ ಕಾಗದಗಳಲ್ಲಿ ಹಾಗೇ ಇದೆಯಂತೆ. ಮಾವಿನ ವಾಟೆ ಮಾತ್ರ ಸಿಗಲಿಲ್ಲವಂತೆ. "ನೋಡದೇ ಇರೋಳಿಗೆ ಇಷ್ಟು ಹೆಂಗಜ್ಜಿ ಗೊತ್ತು?"

ಇವಳು ಇಷ್ಟು ಓದಿ ಇದನ್ನು ಕೇಳುತ್ತಾಳಲ್ಲ ಅಂದುಕೊಂಡೆ. "ಗುಮಾಸ್ತರ ಜಗಲಿ ಮೇಲೆ ದಿನಾ ಹತ್ತು ಜನ ಕೂತು ಮಾತಾಡ್ತಿದ್ರು. ಇವಳು ಬಾಗಿಲ ಹಿಂದೆ ಮಜ್ಜಿಗೆ ಹಿಡ್ಕೊಂಡು ನಿಂತಿರ್ತಿದ್ಳು. ಲೋಟ ಖಾಲಿ ಆಗೋವರ್ಗೂ ಏನ್ ಮಾಡ್ತಾಳೆ? ಕೇಳಿಸ್ಕೋತಾಳೆ."

ಆ ಕಡೆ ಪೆನ್ನು ಹುಡುಕುವ ಸದ್ದು. ಈಗ ಅಧ್ಯಾಯ ಉಳಿದಿದೆ. ಕಣ್ಣಾರೆ ಕಂಡವಳು ಅನ್ನುವುದು ಹೊಡೆದು, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡವಳು ಅಂತ ಬರೆದಿದ್ದಾಳೆ. ಮೇಷ್ಟ್ರಿಗೆ ಮೊದಲಿನದಕ್ಕಿಂತ ಇದೇ ಹಿಡಿಸಿತಂತೆ.

ಆ ಖುಷಿಗೆ ಈ ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ಕಾರಿನಲ್ಲಿ ಕಾಕಿನಾಡಕ್ಕೆ ಕರೆದುಕೊಂಡು ಹೋದಳು. ಜೊತೆಗೆ ಚಿಪ್ಪು ತರಬೇಕು ಅಂದಳು. ನಾನು ಪಂಚೆಯಲ್ಲಿ ಗಂಟು ಕಟ್ಟಿ ತಂದೆ. ದಂಡೆಯಲ್ಲಿ ಅಂಗಡಿಗಳು, ಒಂಟೆ ಸವಾರಿ, ಹುರಿದ ಜೋಳ. ಸಮುದ್ರ ಅಂದರೆ ಗುಮಾಸ್ತರು ಹೇಳಿದ ಹಾಗೆ ಬರೀ ನೀರೇ, ಆದರೆ ಆ ಮನುಷ್ಯ ಒಂದು ಸಲ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸದ್ದು ಮಾತ್ರ ನಾನು ಮುಂಚೆಯೇ ಕೇಳಿದ್ದೆ. ನಾಲ್ಕನೇ ಜ್ವರ ಎದ್ದ ಹುಳು ಹಸಿದು ಸೊಪ್ಪಿನ ಮೇಲೆ ಬಿದ್ದಾಗ ನಡುಮನೆಯಲ್ಲಿ ಬರುವ ಸದ್ದೇ. ಅದರ ಪಕ್ಕದ ಕೋಣೆಯಲ್ಲಿ ಅವಳು ಇಪ್ಪತ್ತು ವರ್ಷ ಮಲಗಿದ್ದಳು.

ಚೈತ್ರ ಫೋನು ಎತ್ತಿ ಹಿಡಿದು, "ನೀರಿಗೆ ಎಸೆ ಅಜ್ಜಿ, ವಿಡಿಯೊ ಮಾಡ್ತೀನಿ," ಅಂದಳು.

"ಎಸೆದು? ಜಾಡಿ ಮೇಲೆ ನಿನ್ನ ಫೋನ್ ಇಡ್ಲಾ?"

ಗಂಟು ಬಿಚ್ಚಿ, ಚಿಪ್ಪಿನ ಬಾಯಿ ನೀರಿನ ಕಡೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ಪರಸ್ತಾನಕ್ಕಿಟ್ಟದ್ದು ತಲುಪಿತು, ಸಾಕು. ಮತ್ತೆ ಕಟ್ಟಿಕೊಂಡೆ. ತಲುಪಿದ ಮೇಲೆ ಹಿಂದಕ್ಕೆ ತರಬಾರದು ಅಂತ ಏನಿಲ್ಲ. ಹೊರಡುವ ಮುಂಚೆ ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡೆ. ತಕ್ಷಣ ಉಗಿದೆ. ಚೈತ್ರ ಏನಾಯಿತು ಅಂತ ಓಡಿ ಬಂದಳು. ಏನಿಲ್ಲ ಅಂದೆ. ನಮ್ಮಜ್ಜಿಯ ಲೆಕ್ಕ ತಪ್ಪಿತ್ತು, ಅಷ್ಟೆ.

ವಾಪಸ್ ಬರುವಾಗ ಜಂಗಮಕೋಟೆಯಲ್ಲಿ ಕಾರು ನಿಲ್ಲಿಸಲು ಹೇಳಿ, ಅಂಗಡಿಯಿಂದ ಕಲ್ಲುಪ್ಪಿನ ಎರಡು ಮೂಟೆ ಹಾಕಿಸಿಕೊಂಡೆ. ಇಷ್ಟು ಉಪ್ಪಿನಕಾಯಿ ಯಾರಿಗೆ ಅಂತ ಚೈತ್ರ ಕೇಳಿದಳು. ಉಪ್ಪಿನಕಾಯಿಗಲ್ಲ, ನಮ್ಮೂರ ಕೆರೆ ಏರಿಗೆ ತಿರುಗಿಸು ಅಂದೆ.